ಸಹಾಯ ಬೇಕು: ಭಾನುವಾರ ಮುಂಬೈನ ಫೋರ್ಟ್‌ನಲ್ಲಿ ಮೀನಿನ ಊಟ ಎಲ್ಲಿ?

ನಮಸ್ಕಾರ. ನಾವಿರೋದು ಡೊಂಬಿವಲಿಯಲ್ಲಿ. ಮುಂದಿನ ವಾರ ದಾವಣಗೆರೆಯಿಂದ ಅಕ್ಕ, ಭಾವ ಬರುತ್ತಿದ್ದಾರೆ. ಊರು ನೋಡೋಕಲ್ಲ, ಬರೀ ತಿನ್ನೋಕೆ! ಭಾವನಿಗೆ ಗೇಟ್‌ವೇ ಆಫ್ ಇಂಡಿಯಾ ಕೂಡ ಬೇಡವಂತೆ.

ಶನಿವಾರದ ಚಿಂತೆಯಿಲ್ಲ. ಅವತ್ತು ಅಕ್ಕ ಮೀನು ಮುಟ್ಟುವುದಿಲ್ಲ. ಹಾಗಾಗಿ ಬೆಳಿಗ್ಗೆ ಮಾಟುಂಗಾದ ಕೆಫೆ ಮದ್ರಾಸ್‌ನಲ್ಲಿ ರಾಗಿ ದೋಸೆ, ರಸಂ ವಡೆ. ಮಧ್ಯಾಹ್ನ ಸ್ಟೇಷನ್ ಪಕ್ಕದ ರಾಮ ನಾಯಕರ ಹೋಟೆಲಲ್ಲಿ ಬಾಳೆಎಲೆ ಊಟ. 1942ರಿಂದ ಬಡಿಸುತ್ತಿದ್ದಾರೆ, ಇನ್ನೇನು ಹೇಳೋದು.

ತಲೆನೋವು ಭಾನುವಾರದ್ದು. ಭಾವನಿಗೆ ಕಾಣೆ ಮೀನಿನ ರವಾ ಫ್ರೈ, ಮರುವಾಯಿ (ಚಿಪ್ಪುಮೀನು) ಸುಕ್ಕ, ನೀರು ದೋಸೆ ಜೊತೆ ಗಸಿ (ತೆಂಗಿನಕಾಯಿ ಮಸಾಲೆಯ ಸಾರು) ಬೇಕು. ಫೋರ್ಟ್ ಕಡೆ ಮಂಗಳೂರು ಹೋಟೆಲ್‌ಗಳು ಬೇಕಾದಷ್ಟಿವೆ. ಆದರೆ ಹೋದ ವರ್ಷ ಒಂದು ಕಡೆ ಜೀವಂತ ಏಡಿಯನ್ನು ತಟ್ಟೆಯಲ್ಲಿಟ್ಟು ತೋರಿಸಿದರು. ನಾನು ಸುಮ್ನೆ ತಲೆಯಾಡಿಸಿದೆ. ಬೆಲೆ ತೂಕದ ಮೇಲೆ ಅಂತ ಬಿಲ್ ಬಂದಾಗಲೇ ಗೊತ್ತಾಗಿದ್ದು! ತಪ್ಪು ನನ್ನದೇ, ಕೇಳಬೇಕಿತ್ತು ಅಲ್ವಾ?

ಮೂರು ಜನಕ್ಕೆ ಮೂರು ಸಾವಿರದೊಳಗೆ, ಗಸಿಗೆ ಬೆಣ್ಣೆ ಸುರಿಯದ ಜಾಗ ಯಾವುದು? ಮಧ್ಯಾಹ್ನ ಕ್ಯೂ ಜಾಸ್ತಿ ಇರುತ್ತಾ? ಲೋಕಲ್ ರೈಲಿನ ಸೆಂಟ್ರಲ್ ಲೈನಲ್ಲಿ ಮೆಗಾ ಬ್ಲಾಕ್ (ಹಳಿ ದುರಸ್ತಿಗೆ ರೈಲು ಕಡಿತ) ಇದ್ದರೆ ನಾವು ತಲುಪೋದೇ ಎರಡು ಗಂಟೆಗೆ. ಹೋಗಿ ತಿಂದವರೇ ಹೇಳಿ, ದಯವಿಟ್ಟು.