ಸಹಿ ಇರುವ ಜೆರ್ಸಿಯ ವಿಚಾರವಾಗಿ

ಮಗು, ನಿನ್ನ ಪ್ರಶ್ನೆಯನ್ನು ಬೆಳಿಗ್ಗೆಯೇ ನೋಡಿದೆ. ಅಳಿಯಂದಿರ ನಲವತ್ತನೆಯ ಹುಟ್ಟುಹಬ್ಬಕ್ಕೆ ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರರಾಗಿದ್ದ ಸ್ಟೀವನ್ ಜೆರಾರ್ಡ್ ಸಹಿ ಮಾಡಿದ, ಅವರ ಕ್ಲಬ್ಬಾದ ಲಿವರ್‌ಪೂಲ್ ಜೆರ್ಸಿಯನ್ನು ಫ್ರೇಮಿನೊಳಗೆ ಇಟ್ಟು ಕೊಡಬೇಕೆಂದಿದ್ದೀಯ. ಮಾರುವವನು ಇಂದು ರಾತ್ರಿಯೊಳಗೆ ಹಣ ಬರದಿದ್ದರೆ ಬೇರೆಯವರಿಗೆ ಕೊಟ್ಟುಬಿಡುತ್ತೇನೆ ಎನ್ನುತ್ತಿದ್ದಾನೆ, ಅಸಲಿಯೆಂಬ ಪ್ರಮಾಣಪತ್ರವೂ ಜೊತೆಗಿದೆ, ಆದರೂ ನಿನಗೆ ಅಳುಕು. ಅಳುಕಿದ್ದು ಒಳ್ಳೆಯದೇ ಆಯಿತು. ಅಳಿಯಂದಿರು ನಮ್ಮ ಮನೆಯವರ ಈ ಗುಂಪಿನಲ್ಲಿ ಇಲ್ಲವಾದ್ದರಿಂದ ಎಲ್ಲರ ಮುಂದೆಯೇ ಹೇಳುತ್ತೇನೆ: ಪ್ರಮಾಣಪತ್ರವೊಂದನ್ನೇ ನಂಬಿ ಹಣ ಕಳುಹಿಸಬೇಡ.

ದೊಡ್ಡ ಭಾವನವರು, ಅಂದರೆ ನಿನ್ನ ದೊಡ್ಡಪ್ಪ, ಎಂಥ ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಯೆಂದು ನಿಮಗೆ ಯಾರಿಗೂ ಹೇಳಬೇಕಾಗಿಲ್ಲ. ಅವರು ನಿವೃತ್ತರಾದಾಗ ಮಕ್ಕಳು ಸೇರಿ, ಆ ಕ್ಲಬ್ಬಿನ ಹಳೆಯ ಆಟಗಾರ ಎರಿಕ್ ಕ್ಯಾಂಟೊನಾ ಸಹಿಯಿದ್ದ ಏಳನೆಯ ನಂಬರಿನ ಜೆರ್ಸಿಯನ್ನು ತಂದುಕೊಟ್ಟರು. ಕಪ್ಪು ಮರದ ಫ್ರೇಮು, ಕೆಳಗೆ ಹಿತ್ತಾಳೆಯ ಪಟ್ಟಿಯಲ್ಲಿ ಭಾವನವರ ಹೆಸರು, ಹಿಂಬದಿಗೆ ಬಂಗಾರದ ಬಣ್ಣದ ಮುದ್ರೆಯೊತ್ತಿದ ಪ್ರಮಾಣಪತ್ರ. ಕ್ಯಾಂಟೊನಾ ಈ ಜೆರ್ಸಿಯನ್ನು ಪಂದ್ಯದಲ್ಲಿ ತೊಟ್ಟಿದ್ದರೆಂದು ಅದರಲ್ಲಿ ಬರೆದಿತ್ತು. ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ ಭಾವನವರ ಹೆಬ್ಬೆರಳು ಗಾಜಿನ ಮೇಲೆ ಮೆಲ್ಲಗೆ ಸರಿದು, ಎದೆಯ ಮೇಲಿದ್ದ ವೊಡಾಫೋನ್ ಎಂಬ ಅಕ್ಷರಗಳ ಬಳಿ ನಿಂತಿತು. ಕ್ಯಾಂಟೊನಾ ಆಟ ಬಿಟ್ಟದ್ದು 1997ರ ಮೇ ತಿಂಗಳಲ್ಲಿ, ಅವರು ಆಡುತ್ತಿದ್ದ ಕಾಲದುದ್ದಕ್ಕೂ ಯುನೈಟೆಡ್ ಜೆರ್ಸಿಯ ಎದೆಯ ಮೇಲೆ ಪ್ರಾಯೋಜಕರಾಗಿ ಇದ್ದದ್ದು ಶಾರ್ಪ್ ಕಂಪನಿಯ ಹೆಸರು. ವೊಡಾಫೋನ್ ಬಂದದ್ದು 2000ದಲ್ಲಿ. ಆ ಜೆರ್ಸಿಯನ್ನು ತೊಟ್ಟು ಅವರು ಯುನೈಟೆಡ್ ಪರವಾಗಿ ಯಾವ ಪಂದ್ಯವನ್ನೂ ಆಡಿರಲು ಸಾಧ್ಯವೇ ಇಲ್ಲ. ಭಾವನವರಿಗೆ ಅದು ಒಂದೇ ನೋಟಕ್ಕೆ ತಿಳಿಯಿತು. ಮುಖದ ನಗು ಮಾತ್ರ ಮಾಸಲಿಲ್ಲ. ರಾತ್ರಿ ನನ್ನನ್ನು ಬಾಗಿಲವರೆಗೆ ಕಳುಹಿಸಲು ಬಂದಾಗ, "ಹುಡುಗರಿಗೆ ಹೇಳಬೇಡಪ್ಪ, ನೊಂದುಕೊಳ್ಳುತ್ತಾರೆ" ಎಂದರು.

ಅವರು ಬದುಕಿದ್ದಷ್ಟು ದಿನವೂ ಅದು ಹಜಾರದ ಗೋಡೆಯ ಮೇಲಿತ್ತು. ಬಂದವರೆಲ್ಲ ಅದನ್ನು ಹೊಗಳುತ್ತಿದ್ದರು, ಅವರು ಸುಮ್ಮನೆ ತಲೆಯಾಡಿಸುತ್ತಿದ್ದರು. ಭಾವನವರು ಹೋದಮೇಲೆ ಗಾಜು ಬಿರುಕುಬಿಟ್ಟಿತೆಂದು ಫ್ರೇಮನ್ನು ಬಿಚ್ಚಿಸಿ, ಭೂತಗನ್ನಡಿ ಹಿಡಿದು ನೋಡಿದೆವು. ಮಾರ್ಕರ್ ಪೆನ್ನಿನಿಂದ ಬಟ್ಟೆಯ ಮೇಲೆ ನಿಜವಾಗಿ ಬರೆದರೆ ಶಾಯಿ ಎಳೆಗಳೊಳಕ್ಕೆ ಇಳಿಯುತ್ತದೆ, ಗೆರೆ ಶುರುವಾಗುವಲ್ಲಿ ಮತ್ತು ಒಂದರ ಮೇಲೊಂದು ಹಾಯುವಲ್ಲಿ ಗಾಢವಾಗುತ್ತದೆ. ಅಲ್ಲಿ ಹಾಗಿರಲಿಲ್ಲ. ಸಣ್ಣ ಸಣ್ಣ ಚುಕ್ಕೆಗಳು, ಉದ್ದಕ್ಕೂ ಒಂದೇ ದಪ್ಪ, ಬಟ್ಟೆಯ ಮೇಲ್ಮೈಯಲ್ಲೇ ಕೂತಿದ್ದವು. ಅಂದರೆ ಸಹಿಯೂ ಅಚ್ಚು ಹಾಕಿದ್ದೇ. ಜೆರ್ಸಿಯನ್ನು ರಟ್ಟಿಗೆ ಅಂಟಿಸಿದ್ದರಿಂದ ಬೆನ್ನಿನ ಭಾಗದಲ್ಲಿ ಹಳದಿ ಕಲೆಗಳು ಬೇರೆ. ಮಾರಿದವನು ಆ ವೇಳೆಗೆ ಅಂಗಡಿ ಮುಚ್ಚಿ ಹೋಗಿದ್ದ. ಈ ಸಂಗತಿ ಮಕ್ಕಳಿಗೆ ಆಗಲೇ ತಿಳಿಯಿತು, ಬೇರೆಯವರಿಗೂ ತಿಳಿಯಲೆಂದು ಅವರೇ ಹೇಳಿದ್ದಾರೆ. ಅದಕ್ಕಾಗಿಯೇ ಇಲ್ಲಿ ಬಿಚ್ಚಿಟ್ಟಿದ್ದೇನೆ.

ಆದ್ದರಿಂದ ಮತ್ತೊಮ್ಮೆ ಹೇಳುತ್ತೇನೆ, ಪ್ರಮಾಣಪತ್ರವೊಂದನ್ನೇ ನಂಬಿ ಹಣ ಕಳುಹಿಸಬೇಡ. ಆ ಕಾಗದವನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು, ಕೊಟ್ಟವನನ್ನು ಎಷ್ಟು ನಂಬಬಹುದೋ ಅಷ್ಟೇ ಅದರ ಬೆಲೆ. 1986ರ ವಿಶ್ವಕಪ್ಪಿನಲ್ಲಿ ಇಂಗ್ಲೆಂಡಿನ ವಿರುದ್ಧ ಅರ್ಜೆಂಟೀನಾದ ಮರಡೋನಾ ತೊಟ್ಟಿದ್ದ ಜೆರ್ಸಿಯನ್ನೇ ನೋಡು. ಪಂದ್ಯ ಮುಗಿದ ಮೇಲೆ ಅದನ್ನು ಅದಲುಬದಲು ಮಾಡಿಕೊಂಡ ಇಂಗ್ಲೆಂಡಿನ ಆಟಗಾರ ಸ್ಟೀವ್ ಹಾಡ್ಜ್ ಅವರ ಒಡೆತನದಲ್ಲೇ ಅದು ಇತ್ತು. 2022ರಲ್ಲಿ ಸಾದಬೀಸ್ ಎಂಬ ಹರಾಜು ಸಂಸ್ಥೆ ಅದನ್ನು ಹರಾಜಿಗಿಟ್ಟಾಗ, ಅದು ಗೋಲು ಹೊಡೆದ ದ್ವಿತೀಯಾರ್ಧದ್ದಲ್ಲ, ಮೊದಲಾರ್ಧದ್ದು ಎಂದು ಮರಡೋನಾ ಅವರ ಮಗಳೇ ತಕರಾರು ತೆಗೆದರು. ಹರಾಜು ಸಂಸ್ಥೆಯವರು ಅಂದಿನ ಚಿತ್ರಗಳೊಂದಿಗೆ ಜೆರ್ಸಿಯ ಸೂಕ್ಷ್ಮ ಗುರುತುಗಳನ್ನು ತಾಳೆ ನೋಡಿದ್ದೇವೆಂದು ಉತ್ತರ ಕೊಡಬೇಕಾಯಿತು. ಆಮೇಲೆ ಅದು 71 ಲಕ್ಷ ಪೌಂಡಿಗೂ ಹೆಚ್ಚು ಬೆಲೆಗೆ ಹೋಯಿತೆನ್ನು. ಪಡೆದವರು ಎದುರಿಗೇ ಇದ್ದ ವಸ್ತುವಿಗೇ ಇಷ್ಟು ವಿಚಾರಣೆ ನಡೆದಿರುವಾಗ, ನೀನು ಮುಖವನ್ನೂ ನೋಡದವನು ರಾತ್ರಿಯೊಳಗೆ ಹಣ ಕಳುಹಿಸು ಎಂದರೆ ಏನು ಅರ್ಥ?

ಇನ್ನೊಂದು ಮಾತನ್ನು ಹೇಳದೆ ಇರಲಾರೆ, ಅಕ್ಕ ಬೇಸರ ಮಾಡಿಕೊಳ್ಳಬಾರದು. ಭಾವನವರ ಕಪಾಟನ್ನು ಖಾಲಿ ಮಾಡುವಾಗ ಆ ನಕಲಿ ಜೆರ್ಸಿಯನ್ನು ಹೊಸ ಗಾಜು ಹಾಕಿಸಿ ಜೋಪಾನ ಮಾಡಿದಿರಿ, ಅವರು ಅಂಚೆಯಲ್ಲಿ ತರಿಸಿಕೊಂಡು ವರ್ಷಾನುಗಟ್ಟಲೆ ಕೂಡಿಟ್ಟಿದ್ದ, ಆಯಾ ಪಂದ್ಯಕ್ಕೆಂದು ಆಟಗಾರರ ಹೆಸರು ಹಾಕಿ ಅಚ್ಚು ಮಾಡುವ ಪುಸ್ತಿಕೆಗಳನ್ನು ರದ್ದಿಗೆ ಹಾಕಿದಿರಿ. ಅಂಚಿನ ನೂಲು ಬಿಟ್ಟುಕೊಂಡಿದ್ದ ಕೆಂಪು ಸ್ಕಾರ್ಫನ್ನು ನೆಲ ಒರೆಸಲು ತೆಗೆದುಕೊಂಡಿರೆಂದು ಕೇಳಿದಾಗ ನನಗೆ ಆ ದಿನ ಊಟ ಸೇರಲಿಲ್ಲ. ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲವೇ? ಅಭಿಮಾನಿಗೆ ಆ ಕಾಗದಗಳೇ ಆಸ್ತಿ. ಯುನೈಟೆಡ್‌ನ ಹಲವು ಆಟಗಾರರು ಸತ್ತ ಮ್ಯೂನಿಕ್ ವಿಮಾನ ದುರಂತದ ನಂತರ, 1958ರ ಫೆಬ್ರವರಿ 19ರಂದು ಯುನೈಟೆಡ್ ಮೊದಲ ಬಾರಿಗೆ ಶೆಫೀಲ್ಡ್ ವೆನ್ಸ್‌ಡೇ ವಿರುದ್ಧ ಆಡಲಿಳಿದಾಗ, ಪುಸ್ತಿಕೆಯಲ್ಲಿ ಯುನೈಟೆಡ್ ಆಟಗಾರರ ಹೆಸರು ಬರಬೇಕಾದ ಜಾಗಗಳನ್ನೆಲ್ಲ ಖಾಲಿ ಬಿಟ್ಟಿದ್ದರು, ಯಾರು ಆಡುವರೆಂಬುದು ಅಚ್ಚಿಗೆ ಹೋಗುವ ಹೊತ್ತಿಗೆ ಗೊತ್ತಿರಲಿಲ್ಲ. ಈ ಕಥೆಯನ್ನು ಭಾವನವರು ಹೇಳುವಾಗ ಪ್ರತಿಸಲವೂ ಗಂಟಲು ಕಟ್ಟುತ್ತಿತ್ತು. ಈಗ ಟಿಕೆಟ್ಟುಗಳು ಫೋನಿನೊಳಗೆ ಬಂದಿವೆ, ಕೈಯಲ್ಲಿ ಉಳಿಯುವ ಕಾಗದಗಳು ಕಡಿಮೆಯಾಗುತ್ತಿವೆ, ಇದ್ದ ಹಳೆಯವನ್ನೂ ನಾವೇ ಹೀಗೆ ಕಳೆದರೆ ಏನು ಹೇಳುವುದು.

ಇರಲಿ, ನೀನು ಕೇಳಿದ್ದು ಬೇರೆ. ರಾತ್ರಿ ಹಣ ಕಳುಹಿಸಬೇಡ. ಮೊದಲು ಆ ಸಹಿಯನ್ನು ಎಲ್ಲಿ, ಯಾವಾಗ, ಯಾರ ಎದುರಿಗೆ ಹಾಕಿಸಿದರೆಂದು ಕೇಳು. ಸಹಿಯನ್ನು ಹತ್ತಿರದಿಂದ ತೆಗೆದ ಚಿತ್ರವನ್ನೂ ಜೆರ್ಸಿಯ ಒಳಮಗ್ಗುಲಿನ ಚಿತ್ರವನ್ನೂ ತರಿಸಿಕೊಂಡು ನನಗೆ ಕಳುಹಿಸು. 2005ರ ಇಸ್ತಾನ್‌ಬುಲ್ ಚಾಂಪಿಯನ್ಸ್ ಲೀಗ್ ಫೈನಲ್ಲಿನ ಜೆರ್ಸಿಯೆಂದು ಅವನು ಹೇಳುತ್ತಿದ್ದರೆ ಅದರ ಮೇಲೆ ಜೆರ್ಸಿ ತಯಾರಿಸಿದ ರೀಬಾಕ್ ಗುರುತು, ಪ್ರಾಯೋಜಕರಾದ ಕಾರ್ಲ್ಸ್‌ಬರ್ಗ್ ಹೆಸರು ಮತ್ತು ಜೆರಾರ್ಡ್ ಅವರ 8ನೆಯ ನಂಬರು ಇರಲೇಬೇಕು. ಅಂಥ ಜೆರ್ಸಿಯ ಮೇಲೆ ಬೇರೆ ಕಂಪನಿಯಾದ ಅಡಿಡಾಸ್ ಗುರುತು ಕಂಡರೆ ಮಾತು ಮುಂದುವರಿಸಬೇಡ. ಅವನು ಉತ್ತರಿಸಲು ತಡವರಿಸಿದರೆ ಅಲ್ಲಿಗೇ ಬಿಡು.

ಸಹಿಯೇ ಬೇಕೆಂದೇನೂ ಇಲ್ಲ. ಕ್ಲಬ್ಬಿನ ಅಧಿಕೃತ ಮಳಿಗೆಯಿಂದಲೇ ಜೆರ್ಸಿ ತರಿಸಿ ಅಳಿಯಂದಿರ ಸ್ವಂತ ಹೆಸರನ್ನೇ ಅದರ ಬೆನ್ನಿಗೆ ಹಾಕಿಸು. ಈಗ ಆಡುತ್ತಿರುವ ಆಟಗಾರನ ಹೆಸರು ಬೇಡ, ಅವನು ಮುಂದಿನ ಋತುವಿಗೆ ಬೇರೆ ಕ್ಲಬ್ಬಿಗೆ ಹೋದರೆ ಉಡುಗೊರೆ ಕಪಾಟು ಸೇರುತ್ತದೆ. ಎಂಬತ್ತರ ದಶಕದ ಮಾದರಿಯ ಜೆರ್ಸಿ ಕೊಡುವುದಾದರೆ ಹೆಸರನ್ನೇ ಹಾಕಿಸಬೇಡ, ನಂಬರು ಮಾತ್ರ ಸಾಕು. ಇಂಗ್ಲೆಂಡಿನ ಲೀಗಿನಲ್ಲಿ ಬೆನ್ನ ಮೇಲೆ ಹೆಸರು ಬಂದದ್ದು 1993-94ರ ಋತುವಿನಿಂದ, ಅಳಿಯಂದಿರಿಗೆ ಅದು ತಟ್ಟನೆ ಕಣ್ಣಿಗೆ ಬೀಳುತ್ತದೆ. ಎರಡು ತಂಡಗಳ ಬಣ್ಣವನ್ನು ಅರ್ಧರ್ಧ ಸೇರಿಸಿದ ಸ್ಕಾರ್ಫನ್ನಂತೂ ತರಲೇಬೇಡ, ಹಳೆಯ ಅಭಿಮಾನಿಗಳಲ್ಲಿ ಬಹಳ ಮಂದಿಗೆ ಅದನ್ನು ಕಂಡರಾಗದು.

ಹೆಸರು ಹಾಕಿಸಿದ ವಸ್ತುವನ್ನು, ಅದರಲ್ಲಿ ದೋಷವಿದ್ದ ಹೊರತು, ಅಂಗಡಿಯವರು ಸಾಮಾನ್ಯವಾಗಿ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಓದಿ ನೋಡು, ಅವರ ಹಳೆಯ ಜೆರ್ಸಿಯೊಂದರ ಅಳತೆಯನ್ನು ಗುಟ್ಟಾಗಿ ತೆಗೆದುಕೋ. ಆಟಗಾರರು ತೊಡುವ ಮಾದರಿ ಮೈಗೆ ಬಿಗಿಯಾಗಿರುತ್ತದೆ, ಅಭಿಮಾನಿಗಳಿಗೆಂದು ಮಾಡುವ ಮಾದರಿಯನ್ನೇ ತರಿಸು. ತೊಟ್ಟುಕೊಳ್ಳುತ್ತಾರಾದರೆ ಒಳಮಗ್ಗುಲು ಹೊರಗೆ ಮಾಡಿ ತಣ್ಣೀರಿನಲ್ಲಿ ಒಗೆಯಬೇಕು, ಅಕ್ಷರಗಳ ಮೇಲೆ ಇಸ್ತ್ರಿ ಹಾಯಿಸಬಾರದು. ಫ್ರೇಮು ಹಾಕಿಸುವುದಾದರೆ ಅಂಟು ಬೇಡ, ನೂಲಿನಿಂದ ಹೊಲಿದು ನಿಲ್ಲಿಸಲು ಹೇಳು, ಬಿಸಿಲು ಬೀಳದ ಗೋಡೆಗೆ ಹಾಕಿಸು. ಹೆಸರನ್ನು ಹೇಗೆ ಬರೆಸುತ್ತೀಯೆಂದು ಇಂದು ಸಂಜೆಯೇ ನನಗೆ ಕಳುಹಿಸು ಮಗು, ಅಚ್ಚಿಗೆ ಹೋಗುವ ಮುನ್ನ ನಾನೂ ಒಮ್ಮೆ ಕಣ್ಣಾಡಿಸುತ್ತೇನೆ.