ಬ್ಲೌಸ್ ರೇಟು ನೂರು ಏರಿಸ್ಬೇಕು, ಗಿರಾಕಿಗಳಿಗೆ ಹೆಂಗ ಹೇಳ್ಲಿ?

ಬಳ್ಳಾರಿಯಿಂದ ಕೇಳ್ತಿದ್ದೀನ್ರಿ. ಮನಿ ಮುಂದಿನ ಕೋಣೆಯಾಗ ಸಣ್ಣ ಬೊಟಿಕ್. ನಾನು, ಇಬ್ರು ಹುಡುಗಿಯರು, ಮೂರು ಮಷೀನು. ಲೈನಿಂಗ್ ಬ್ಲೌಸಿಗೆ ಮೂರು ವರ್ಷದಿಂದ 450 ತಗೊಳ್ತಿದ್ದೆ. ಅಸ್ತರ, ದಾರ, ಹುಡುಗಿಯರ ಪಗಾರ ಎಲ್ಲಾ ಏರ್ಯಾವ. 550 ಮಾಡ್ದಿದ್ರ ನನ್ನ ಕೂಲಿನೇ ಹುಟ್ಟಂಗಿಲ್ಲ. ಬರೋರೆಲ್ಲ ನಮ್ಮ ಓಣಿ ಅಕ್ಕಂದಿರು, ಮುಖ ನೋಡಿ ಹೇಳಾಕ ಬಾಯಿ ಬರವಲ್ದು. ನೀವು ಹೆಂಗ ಹೇಳಿದ್ರಿ?

ಗಂಗಾವತಿ, ಲೇಡೀಸ್ ಟೈಲರ್
ನಾನು ಹೇಳದೇ ಕೆಟ್ಟೆ, ಅದನ್ನ ಕೇಳ್ರಿ ಅಕ್ಕಾರ. ಹೋದ ಲಗ್ನದ ಸೀಸನ್ನಾಗ ಅಳತಿ ತಗೊಳ್ಳೋವಾಗ ಸುಮ್ಮನಿದ್ದು, ಬ್ಲೌಸ್ ಕೊಡೋವಾಗ ಹೊಸ ರೇಟು ಹೇಳಿದೆ. ಒಂದೇ ಮನೆತನದ್ದು ಹನ್ನೊಂದು ಬ್ಲೌಸು. ಅತ್ತಿ, ಸೊಸಿ, ನಾದಿನಿ ಮೂವರೂ ಎದುರು ನಿಂತ್ರು. "ಮೊದ್ಲೇ ಹೇಳಿದ್ರ ಕೊಡ್ತಿದ್ವಲ್ಲವ್ವಾ" ಅಂದ್ಲು ಅತ್ತಿ. ಹಳೇ ರೇಟು ಎಣಿಸಿ ಇಟ್ಟು ಹೋದ್ರು, ಆಮೇಲೆ ಆ ಓಣಿಯಿಂದ ಒಂದು ಫಾಲ್ ಹಚ್ಚೋ ಕೆಲಸಾನೂ ಬಂದಿಲ್ಲ. ಟೇಪು ಹಿಡಿಯೋಕಿಂತ ಮೊದ್ಲು ರೇಟು ಹೇಳ್ರಿ, ಚೀಟಿ ಮ್ಯಾಲೆ ಬರೀರಿ. ಕೈಯಾಗಿರೋ ಆರ್ಡರ್ ಹಳೇ ರೇಟಿಗೇ ಮುಗಿಸ್ರಿ.

ಬಳ್ಳಾರಿ ಕೌಲ್ ಬಜಾರ್, ಜೀನ್ಸ್ ಹೊಲಿಸುವವರು
ನಮ್ಮದು ಹೋಲ್‌ಸೇಲ್, ಆದ್ರೂ ಹೇಳ್ತೀನಿ. 2022ರ ಮೇ ಹೊತ್ತಿಗೆ ಹತ್ತಿ ಖಂಡಿಗೆ, ಅಂದ್ರ 356 ಕೆಜಿಗೆ, ಲಕ್ಷ ರೂಪಾಯಿ ದಾಟಿತ್ತು. ನಾನು ಜಾಣ ಆಗಾಕ ಹೋಗಿ ಅಂಗಡಿಯವರಿಗೆಲ್ಲ ಉದ್ದಕ ವಾಟ್ಸಾಪ್ ಬರ್ದೆ: ಹತ್ತಿ ಏರೈತಿ, ಅದಕ್ಕ ಪೀಸಿಗೆ 40 ಜಾಸ್ತಿ. ರಾಯಚೂರಿನ ಒಬ್ರು ಕೇಳಿದ್ರು, "ಹತ್ತಿ ಇಳಿದ್ರ ನೀವೂ ಇಳಿಸ್ತೀರೇನು?" ಅವರ ಅಣ್ತಮ್ಮಂದಿರೇ ಎಪಿಎಂಸಿಗೆ ಹತ್ತಿ ತರೋರು, ರೇಟು ನನಗಿಂತ ಮೊದ್ಲು ಅವರಿಗೆ ಗೊತ್ತಾಗ್ತೈತಿ! ಮುಂದ ಹತ್ತಿ ಇಳೀತು. ಹೊಲಿಗಿ ಕೂಲಿ, ವಾಷಿಂಗ್ ಚಾರ್ಜ್ ಎಲ್ಲಿ ಇಳೀತಾವ? ನಾ ಅದನ್ನ ಬರ್ದೇ ಇರ್ಲಿಲ್ಲ. ಕಡೀಗೆ ಪೀಸಿಗೆ 15 ಬಿಟ್ಟುಕೊಟ್ಟೆ. ಒಂದೇ ಕಾರಣಕ್ಕ ಪೂರ್ತಿ ರೇಟು ನೇತು ಹಾಕಬ್ಯಾಡ್ರಿ.

ರಾಯಚೂರು, ಕುರ್ತಿ ಅಂಗಡಿ
ನಮ್ಮಲ್ಲಿ ಬೇರೇನೇ ತಕರಾರು. "ಜಿಎಸ್‌ಟಿ ಇಳಿದೈತಿ, ನೀವ್ಯಾಕ ಏರಿಸ್ತೀರಿ?" ಅಂತ. 2025ರ ಸೆಪ್ಟೆಂಬರ್ 22ರಿಂದ ರೆಡಿಮೇಡ್ ಬಟ್ಟಿಗೆ 5 ಪರ್ಸೆಂಟ್ ಮಿತಿ 1000ದಿಂದ 2500 ರೂಪಾಯಿಗೆ ಹೋಗೈತಿ, ಖರೆ. ಆದ್ರ 700 ರೂಪಾಯಿ ಕುರ್ತಿಗೆ ಮೊದ್ಲೂ 5, ಈಗಲೂ 5. ಹಳೇ ಬಿಲ್ಲು, ಹೊಸ ಬಿಲ್ಲು ಎರಡೂ ಗಲ್ಲಾದಾಗ ಇಟ್ಟೀನಿ, ತೆಗೆದು ತೋರಿಸ್ತೀನಿ. 1000ದ ಮ್ಯಾಲೆ 2500ರ ತನಕದ ಮಾಲಿಗೆ ಮಾತ್ರ 12 ಇದ್ದದ್ದು 5 ಆತು. ಆ ರೇಟು ಇಳಿಸೀನಿ, ಇಳಿಸ್ಲಿಲ್ಲಂದ್ರ ನನ್ನ ಮಾತು ಯಾರು ನಂಬ್ತಾರ?

ಕುಷ್ಟಗಿ ಕಡೆ, ಸೀರಿ ಮಾರುವವರು
ಇಳಕಲ್ ಸೀರಿ ರೇಟು ಹೇಳಿದ್ರ ಚೌಕಾಸಿ ಶುರು. ನಾನು ಮಾತಾಡೋದ ಬಿಟ್ಟೆ. ಸೀರಿ ಬಿಚ್ಚಿ, ಮೈ ಎಳಿಗೂ ಸೆರಗಿನ ರೇಷ್ಮಿ ಎಳಿಗೂ ಕೊಂಡಿ ಹಾಕಿರೋ ಜಾಗ ಬೆರಳಿಂದ ಮುಟ್ಟಿಸ್ತೀನಿ. ಮುಟ್ಟಿದ ಕೈ ಚೌಕಾಸಿ ಕಡಿಮಿ ಮಾಡ್ತೈತಿ. ನಿಮ್ಮ ಬ್ಲೌಸಿನ ಒಳಮಗ್ಗಲು ತೋರಿಸ್ರಿ.

ಬಳ್ಳಾರಿ, ಹಳೇ ಟೈಲರ್
ಬೋರ್ಡು ಬದಲಿಸ್ರಿ, ಸುಮ್ಮನಿರ್ರಿ. ನಾವು ಇಷ್ಟು ವರ್ಷ ಹಂಗೇ ಮಾಡೇವಿ.

ಕೇಳಿದವಳು
ಎಲ್ಲಾರಿಗೂ ಶರಣ್ರಿ. ಕೌಲ್ ಬಜಾರ್ ಅಣ್ಣಾರ ಮಾತು ಕೇಳಿ ಅಸ್ತರದ ಪುರಾಣ ತೆಗೆದು ಹಾಕಿ, ಗಿರಾಕಿಗಳ ವಾಟ್ಸಾಪ್ ಗುಂಪಿಗೆ ಇಷ್ಟೇ ಕಳಿಸಿದೆ:

"ಅಕ್ಕಾರ, ಮುಂದಿನ ಒಂದನೇ ತಾರೀಖಿನಿಂದ ಲೈನಿಂಗ್ ಬ್ಲೌಸ್ 550. ಸಾಮಾನು, ಪಗಾರ ಎರಡೂ ಏರ್ಯಾವ. ಮೂರು ವರ್ಷ ತಡ್ಕೊಂಡೆ. ಅಲ್ಲೀತನಕ ಕೊಟ್ಟ ಆರ್ಡರಿಗೆ 450ನೇ. ಫಿಟ್ಟಿಂಗ್ ಸರಿ ಇಲ್ಲಂದ್ರ ಬಿಚ್ಚಿ ಹೊಲಿದು ಕೊಡ್ತೀನಿ, ಅದಕ್ಕ ರೊಕ್ಕ ಇಲ್ಲ."

ಇಪ್ಪತ್ತು ಮಂದಿ 'ಸರಿ' ಅಂದ್ರು, ಒಬ್ಬಾಕಿ ಗುಂಪು ಬಿಟ್ಲು. ಎದುರು ಮನಿ ಅಕ್ಕ ಮಾತ್ರ ಸಂಜೀಕೇ ಚೀಲ ಹಿಡ್ಕೊಂಡು ಬಂದ್ಲು, ಆರು ಬ್ಲೌಸ್ ಪೀಸು: "ಹಳೇ ರೇಟಿಗೇ ಹಿಡ್ಕೋವಾ."