ಹದಿನೇಳು ವರ್ಷದ ಜೀರುಂಡೆ ಮತ್ತು ಅದರ ರೆಕ್ಕೆಯ ಮೇಲಿನ ಅಕ್ಷರ

ಪ್ರಶ್ನೆ: ಮಾನ್ಯರೇ, ನಾವು ಅಮೆರಿಕದ ಮೇರಿಲ್ಯಾಂಡ್‌ನಲ್ಲಿದ್ದೇವೆ. 2021ರ ಮೇ ತಿಂಗಳಲ್ಲಿ ನಮ್ಮ ಹಿತ್ತಲಿನ ಓಕ್ ಮರದ ಬುಡದಿಂದ ಕೆಂಪು ಕಣ್ಣಿನ ಜೀರುಂಡೆಗಳು ಸಾವಿರಗಟ್ಟಲೆ ಎದ್ದು ಬಂದಿದ್ದವು. ರೆಕ್ಕೆಯಲ್ಲಿ ‘ಡಬ್ಲ್ಯು’ (ಇಂಗ್ಲಿಷಿನ ‘ವಾರ್’, ಅಂದರೆ ಯುದ್ಧ, ಎಂಬುದರ ಮೊದಲಕ್ಷರ) ಇದ್ದರೆ ಯುದ್ಧ ಖಚಿತ ಎನ್ನುತ್ತಾರೆ ನೆರೆಮನೆಯ ಹಿರಿಯರು. ಇದರಲ್ಲಿ ಹುರುಳಿದೆಯೇ? ಹದಿನೇಳು ವರ್ಷ ನೆಲದೊಳಗಿದ್ದು ಅವು ವರ್ಷಗಳನ್ನು ಎಣಿಸುವುದಾದರೂ ಹೇಗೆ?

ಉತ್ತರ (ಕೀಟಶಾಸ್ತ್ರಜ್ಞ): ಮುಂರೆಕ್ಕೆಯ ತುದಿಯಲ್ಲಿ ಕೆಲವು ನರಗಳು ಕಪ್ಪಾಗಿ, ಅಂಕುಡೊಂಕಾಗಿ ಕೂಡುವುದರಿಂದ ಆ ಆಕಾರ ಮೂಡುತ್ತದೆ. ಯುದ್ಧವಿರಲಿ, ಶಾಂತಿಯಿರಲಿ, ಪ್ರತಿ ಸಲವೂ ಅದು ಇದ್ದೇ ಇರುತ್ತದೆ. ಇವುಗಳ ಕೂಗಿನಲ್ಲಿ ‘ಫೇರೋ’ (ಪ್ರಾಚೀನ ಈಜಿಪ್ಟಿನ ದೊರೆ) ಎಂಬ ಹೆಸರನ್ನು ಕೇಳಿಸಿಕೊಂಡ ವಲಸಿಗರು, ಬೈಬಲಿನಲ್ಲಿ ಈಜಿಪ್ಟಿಗೆ ಬಂದೆರಗಿದ ಮಿಡತೆಗಳೇ ಇವು ಎಂದು ಭಯಪಟ್ಟಿದ್ದೂ ಉಂಟು. ಆದರೆ ನ್ಯೂಯಾರ್ಕ್ ಪ್ರಾಂತ್ಯದ ಮೂಲನಿವಾಸಿಗಳಾದ ಒನೊಂಡಾಗಾ ಜನರ ನೆನಪು ಇದಕ್ಕೆ ತದ್ವಿರುದ್ಧವಾಗಿದೆ: 1779ರಲ್ಲಿ ಅಮೆರಿಕದ ಸೇನೆ ತಮ್ಮ ಊರು ಮತ್ತು ಪೈರುಗಳನ್ನು ಸುಟ್ಟುಹಾಕಿದ ಬಳಿಕ, ಹಸಿದವರ ಹೊಟ್ಟೆ ತುಂಬಿಸಿದ್ದು ಈ ಕೀಟಗಳೇ ಎಂದು ಅವರು ಇಂದಿಗೂ ಕೃತಜ್ಞತೆಯಿಂದ ಹೇಳುತ್ತಾರೆ. ನನಗೆ ಎಲ್ಲ ಕಥೆಗಳಿಗಿಂತ ಇದೇ ಹೆಚ್ಚು ತೂಕದ್ದೆನಿಸುತ್ತದೆ.

ಎಣಿಕೆಯ ವಿಚಾರಕ್ಕೆ ಬಂದರೆ, ಲೆಕ್ಕವಿಡಲು ಮರವೇ ನೆರವಾಗುತ್ತದೆ. ಮರಿಯು ಬೇರಿಗೆ ಸೂಜಿಯಂಥ ಬಾಯನ್ನು ಚುಚ್ಚಿ, ಬಹುಪಾಲು ನೀರೇ ಆಗಿರುವ ರಸವನ್ನು ಹೀರುತ್ತದೆ. ಪೋಷಕಾಂಶ ಅತ್ಯಲ್ಪವಾದ್ದರಿಂದ ಬೆಳವಣಿಗೆ ಬಹಳ ನಿಧಾನ. ಪ್ರತಿ ವಸಂತದಲ್ಲಿ ಮರ ಚಿಗುರುವಾಗ ಆ ರಸದಲ್ಲಾಗುವ ಬದಲಾವಣೆಯೇ ವರ್ಷ ಕಳೆದುದರ ಗುರುತು. ಕ್ಯಾಲಿಫೋರ್ನಿಯಾದ ಸಂಶೋಧಕರು ಹದಿನೈದು ವರ್ಷದ ಮರಿಗಳನ್ನು, ವರ್ಷಕ್ಕೆ ಎರಡು ಬಾರಿ ಹೂ ಬಿಡುವಂತೆ ಮಾಡಿದ ಪೀಚ್ ಗಿಡಗಳ ಬೇರಿಗೆ ಬಿಟ್ಟಾಗ, ಅವು ಒಂದು ವರ್ಷ ಮುಂಚಿತವಾಗಿಯೇ ಹೊರಬಂದವೆಂದು 2000ರಲ್ಲಿ ಪ್ರಕಟಿಸಿದರು. ಕೊನೆಯ ವಸಂತದಲ್ಲಿ ಸುಮಾರು 20 ಸೆಂ.ಮೀ. ಆಳದ ಮಣ್ಣು 18 ಡಿಗ್ರಿ ಸೆಲ್ಸಿಯಸ್ ತಲುಪಿದ ಮೇಲೆ, ಮುಸ್ಸಂಜೆಯಲ್ಲಿ ಅವು ಮರವೇರುತ್ತವೆ. ಬೆನ್ನು ಸೀಳಿ, ತಲೆಯ ಹಿಂದೆ ಎರಡು ಕಪ್ಪು ಮಚ್ಚೆಗಳಿರುವ ಹಾಲುಬಿಳುಪಿನ ಮೈ ಹೊರಬರುತ್ತದೆ; ಬೆಳಗಾಗುವಷ್ಟರಲ್ಲಿ ಅದು ಕಪ್ಪಾಗಿ ಗಟ್ಟಿಯಾಗಿರುತ್ತದೆ.

ಮರುಪ್ರಶ್ನೆ: ಎಲ್ಲವೂ ಒಟ್ಟಿಗೇ ಬರುವುದೇಕೆ? ಭಾರತದಲ್ಲಿ ಇಂಥವು ಇವೆಯೇ? ನಮ್ಮ ಎಳೆಯ ಸೇಬಿನ ಗಿಡಗಳಿಗೆ ಅಪಾಯವಿದೆಯೇ?

ಉತ್ತರ: ಇವು ಕಚ್ಚುವುದಿಲ್ಲ, ಓಡುವುದರಲ್ಲಿಯೂ ಚುರುಕಿಲ್ಲ, ಇವುಗಳಿಗಿರುವ ರಕ್ಷಣೆ ಸಂಖ್ಯೆಯೊಂದೇ. ದಟ್ಟವಾದೆಡೆ ಎಕರೆಗೆ ಹದಿನೈದು ಲಕ್ಷದವರೆಗೆ ಏಳುವುದರಿಂದ, ಹಕ್ಕಿ, ಅಳಿಲುಗಳು ತಿಂದು ತಿಂದು ಸಾಕಾದರೂ ಸಂತಾನಕ್ಕೆ ಬೇಕಾದಷ್ಟು ಉಳಿದಿರುತ್ತವೆ. ಇವುಗಳಲ್ಲಿ ಕೆಲವು ಗುಂಪುಗಳು 13 ವರ್ಷಕ್ಕೊಮ್ಮೆ, ಕೆಲವು 17 ವರ್ಷಕ್ಕೊಮ್ಮೆ ಏಳುತ್ತವೆ; ಈ ಎರಡೂ ಅವಿಭಾಜ್ಯ ಸಂಖ್ಯೆಗಳಾಗಿರುವುದಕ್ಕೇ ಶತ್ರು ಪ್ರಾಣಿಗಳ ಜೀವನಚಕ್ರದೊಂದಿಗೆ ತಾಳೆಯಾಗದೆ ಇವು ತಪ್ಪಿಸಿಕೊಳ್ಳುತ್ತವೆಂಬ ವಾದ ಸೊಗಸಾಗಿದೆ, ಆದರೆ ಅಷ್ಟು ಗಟ್ಟಿಯಾಗಿ ಸಾಬೀತಾಗಿಲ್ಲ. ನಮ್ಮ ಮಲೆನಾಡಿನ ಜೀರುಂಡೆಗಳ ಸದ್ದು ಪ್ರತಿ ವರ್ಷವೂ ಕೇಳುತ್ತದೆ. ಆದರೆ ಮೇಘಾಲಯದ ರಿ-ಭೋಯ್ ಜಿಲ್ಲೆಯಲ್ಲಿ ನಾಲ್ಕು ವರ್ಷಕ್ಕೊಮ್ಮೆ ಒಟ್ಟಾಗಿ ಏಳುವ ಜಾತಿಯೊಂದಿದೆ, ಅಲ್ಲಿನವರು ಅದನ್ನು ಹಿಡಿದು ತಿನ್ನುತ್ತಾರೆ.

ನಿಮ್ಮ ಹಿತ್ತಲಿನ ಗುಂಪು ಮತ್ತೆ ಬರುವುದು 2038ರಲ್ಲಿ. ಹೆಣ್ಣು ಪೆನ್ಸಿಲ್ ದಪ್ಪದ ರೆಂಬೆಗಳನ್ನು ಸೀಳಿ ಮೊಟ್ಟೆಯಿಡುವುದರಿಂದ ತುದಿಗಳು ಒಣಗಿ ಬೀಳುತ್ತವೆ. ದೊಡ್ಡ ಮರಗಳು ಇದನ್ನು ಸಹಿಸಿಕೊಳ್ಳುತ್ತವೆ, ಸಸಿಗಳು ಸೊರಗುತ್ತವೆ. ಆದ್ದರಿಂದ ಆಗ ಎಳೆಯ ಗಿಡಗಳಿದ್ದರೆ, ಸಣ್ಣ ಕಣ್ಣಿನ ಬಲೆ ಹೊದಿಸಿ ಕಾಂಡದ ಬಳಿ ಕಟ್ಟಿರಿ. ಕೀಟನಾಶಕ ಸಿಂಪಡಿಸಬೇಡಿ, ಹೊಸ ಗಿಡಗಳನ್ನು ಆ ವರ್ಷದ ವಸಂತದಲ್ಲಿ ನೆಡದೆ ಶರತ್ಕಾಲಕ್ಕೆ ಮುಂದೂಡಿ.